ಅನುಮಾನ ಬಂದ ಎಲೆ

ಪುಟ್ಟಮಲ್ಲಮ್ಮನ ಹೆಸರು ಕೇಳಿದರೆ ನನಗೆ ಈಗಲೂ ಮೊದಲು ಬರುವುದು ಸಿಟ್ಟು. ಪ್ರೀತಿ, ಗೌರವ ಎಲ್ಲ ಆಮೇಲೆ. ಆ ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಹೋದ ಡಿಸೆಂಬರಿನವರೆಗೆ ಒಂದು ಉತ್ತರ ಇತ್ತು, ಈಗ ಬೇರೆ ಇದೆ.

ನಾನು ಆಶಾರಾಣಿ, ಊರು ಕೆ.ಆರ್. ನಗರ. ಕೆಲಸ ಹುಣಸೂರಿನ ಒಂದು ಸಣ್ಣ ಸಂಸ್ಥೆಯಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಕೂಲಿ ಮಾಡುವ ಹೆಂಗಸರ ನಡುವೆ ಕೆಲಸ ಚೆನ್ನಾಗಿ ಬಲ್ಲವರನ್ನು ಹುಡುಕಿ, ಒಂದು ಮೆಟ್ಟಿಲು ಮೇಲಿನ ಕೆಲಸಕ್ಕೆ ಸೇರಿಸುವುದು ನಮ್ಮ ಉದ್ದೇಶ. ಫೈಲಿನಲ್ಲಿ ಇದಕ್ಕೆ 'ಹಿಂಜರಿಕೆ ನಿವಾರಣಾ ತರಬೇತಿ' ಎಂದು ಹೆಸರು. ಎಂಟು ವರ್ಷದಿಂದ ನಿವಾರಣೆ ಮಾಡುತ್ತಲೇ ಇದ್ದೇನೆ. ಸ್ಕೂಟರಿನ ಎರಡು ಜೊತೆ ಟೈರು ಸವೆದಿವೆ, ಹಿಂಜರಿಕೆ ಹಾಗೇ ಇದೆ.

ಪುಟ್ಟಮಲ್ಲಮ್ಮ ರಾವಂದೂರಿನ ಹತ್ತಿರದ ಹಳ್ಳಿಯವಳು. ವಯಸ್ಸು ನಲವತ್ತಾರು. ಏಳನೇ ತರಗತಿ ಪಾಸು, ದುಂಡಗಿನ ಅಕ್ಷರ. ಗಂಡ ನಂಜಣ್ಣ ಸಾಧು ಮನುಷ್ಯ. ಹೆಂಡತಿ ಎಲ್ಲಿಗೆ ಹೋಗುತ್ತೇನೆ ಅಂದರೂ 'ಬಸ್ಸಿಗೆ ಚಿಲ್ರೆ ಅದಾ?' ಎಂದು ಕೇಳುವವನು. ಮಗಳು ಪೂಜಾ ಪಿರಿಯಾಪಟ್ಟಣದಲ್ಲಿ ಡಿಗ್ರಿ ಓದುತ್ತಾಳೆ, 'ಹೋಗವ್ವ, ಹೋಗವ್ವ' ಎಂದು ದಿನಾ ತಳ್ಳುತ್ತಾಳೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಈ ಕತೆಯಲ್ಲಿ ಅಡ್ಡಗಾಲು ಹಾಕುವ ಗಂಡ ಇಲ್ಲ, ಬಾಯಿ ಮುಚ್ಚಿಸುವ ಅತ್ತೆಯೂ ಈಗ ಇಲ್ಲ. ಯಾರಾದರೂ ಒಬ್ಬರು ಇದ್ದಿದ್ದರೆ ಅವರ ಜೊತೆ ಜಗಳವಾಡಿಯಾದರೂ ನನ್ನ ತಲೆಬಿಸಿ ಇಳಿಸಿಕೊಳ್ಳುತ್ತಿದ್ದೆ.

ಆಕೆಯ ಕೆಲಸ ಹೊಗೆಸೊಪ್ಪು ವಿಂಗಡಿಸುವುದು. ಬ್ಯಾರನ್ ಎಂಬ ಹದ ಮಾಡುವ ಮನೆಯ ಬಿಸಿಯಲ್ಲಿ ಬಾಡಿ ಹಳದಿಯಾಗಿ ಹೊರಬಂದ ಸೊಪ್ಪನ್ನು ಎಲೆ ಎಲೆಯಾಗಿ ನೋಡಿ ಬ್ರೈಟು, ಮೀಡಿಯಂ, ಲೋ ಎಂದು ಬೇರೆ ಬೇರೆ ಗುಡ್ಡೆ ಮಾಡಬೇಕು. ಹರಾಜಿನಲ್ಲಿ ರೈತನ ವರ್ಷದ ದುಡಿಮೆ ನಿಲ್ಲುವುದು ಆ ಗುಡ್ಡೆಗಳ ಮೇಲೆ. ಪುಟ್ಟಮಲ್ಲಮ್ಮ ಎಲೆಯನ್ನು ಪೂರ್ತಿ ನೋಡುವುದೂ ಇಲ್ಲ. ತೊಟ್ಟು ಹಿಡಿದು ಎತ್ತುವಾಗಲೇ ಹೆಬ್ಬೆರಳಿಗೆ ಅದರ ದಪ್ಪ, ಹದ ಎಲ್ಲ ತಿಳಿದಿರುತ್ತದೆ. ಪಕ್ಕದವಳ ಜೊತೆ ಸಾರಿನ ವಿಷಯ ಮಾತಾಡುತ್ತಲೇ ಗಂಟೆಗಟ್ಟಲೆ ವಿಂಗಡಿಸುತ್ತಾಳೆ. ನಾನು ಒಮ್ಮೆ ಆಕೆಯ ಗುಡ್ಡೆಯಲ್ಲಿ ತಪ್ಪು ಹುಡುಕಲು ಕೂತು ಸೊಂಟ ನೋವು ತಂದುಕೊಂಡೆ.

ಆ ಕೆಲಸಕ್ಕೆ ಅದರದೇ ಪದ್ಧತಿ ಇದೆ. ಹೆಂಗಸರು ಬೆಳಕು ಬರುವ ಕಡೆ ಮುಖ ಮಾಡಿ ಸಾಲಾಗಿ ಕೂರುತ್ತಾರೆ. ಸಾಲಿನಿಂದ ಏಳುವಂತಿಲ್ಲ, ಎದ್ದರೆ ಕೆಲಸ ನಿಲ್ಲುತ್ತದೆ ಎಂದು ಮೇಸ್ತ್ರಿ ಗದರುತ್ತಾನೆ. ಗ್ರೇಡಿನ ಹೆಸರನ್ನು ಹೆಂಗಸರು ಬಾಯಿಬಿಟ್ಟು ಹೇಳುವುದೂ ಇಲ್ಲ. ಹೀಗೆಂದು ಯಾರೂ ಕಾನೂನು ಮಾಡಿಲ್ಲ. ಅವರು ಎಲೆಗಳನ್ನು ಹಿಡಿ ಮಾಡಿ ಮುಂದಕ್ಕೆ ಚಾಚುತ್ತಾರೆ, ಮೇಸ್ತ್ರಿ 'ಬ್ರೈಟು' ಎಂದೋ 'ಮೀಡಿಯಂ' ಎಂದೋ ಕೂಗುತ್ತಾನೆ. ಗ್ರೇಡು ಮಾಡಿದವನು ಮೇಸ್ತ್ರಿ ಎಂದು ಲೆಕ್ಕ, ಹೆಂಗಸರದು ಬರೀ ಕೈಯಾಟ.

ಅವರ ಮೇಸ್ತ್ರಿ ನೀಲಕಂಠಸ್ವಾಮಿ. ಒಳ್ಳೆಯ ಮನುಷ್ಯ, ಹಣೆತುಂಬ ವಿಭೂತಿ, ಜೋರು ದನಿ. ಆದರೆ ಮೂರು ವರ್ಷದಿಂದ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ಹೆದರಿ ಮುಂದೂಡುತ್ತಿದ್ದರು. ಅವರಿಗೆ ನಿಂಬೆ ಹಳದಿಯೂ ಒಂದೇ, ಕಿತ್ತಳೆ ಹಳದಿಯೂ ಒಂದೇ. ಹಾಗಿದ್ದೂ ಅವರು ಕೂಗುವ ಗ್ರೇಡು ಒಂದೂ ತಪ್ಪುತ್ತಿರಲಿಲ್ಲ. ಇದು ಹೇಗೆ ಎಂದು ಎರಡು ದಿನ ಬ್ಯಾರನ್ನಿನ ಬಾಗಿಲಲ್ಲಿ ಕೂತು ನೋಡಿದೆ. ಪುಟ್ಟಮಲ್ಲಮ್ಮ ಬ್ರೈಟಾದರೆ ಬಲಗೈಯಲ್ಲಿ ಚಾಚುತ್ತಿದ್ದಳು, ಮೀಡಿಯಮ್ಮಾದರೆ ಎಡಗೈಯಲ್ಲಿ, ಲೋ ಆದರೆ ಅವರ ಕಾಲ ಬಳಿ ಇಡುತ್ತಿದ್ದಳು. ಅವರು ಅದನ್ನು ನೋಡಿ ಕೂಗುತ್ತಿದ್ದರು. ಮೂರು ವರ್ಷದಿಂದ ಆ ಗುಂಪಿನ ಮೇಸ್ತ್ರಿ ಈಕೆಯೇ, ಕೂಗುವುದೊಂದು ಬಿಟ್ಟು!

ಕಂಡದ್ದನ್ನು ಹೇಳಿದರೆ ಆಕೆ ಸುತ್ತಮುತ್ತ ನೋಡಿದಳು.

"ಸುಮ್ಕಿರಿ ಮೇಡಂ, ಯಾರಾರ ಕೇಳುಸ್ಕಂಡಾರು. ಅವ್ರು ದೊಡ್ಡೋರು, ಬೇಜಾರಾಯ್ತದೆ."

"ಅವರಿಗೆ ಬೇಜಾರಾಗಬಾರದು, ಸರಿ. ನಿಮಗೆ ಬೇಜಾರಾಗಲ್ವಾ?"

"ನಂಗ್ಯಾಕೆ? ನಂಗೇನ್ ಗೊತ್ತದೆ ಅಂತ ಬೇಜಾರು?"

ಇದನ್ನು ನಾಟಕಕ್ಕೆ ಹೇಳಿದ್ದರೆ ನಕ್ಕು ಬಿಡಬಹುದಿತ್ತು. ಆಕೆ ನಂಬಿಕೊಂಡೇ ಹೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಶಿವಶಂಕರ್ ಫೋನ್ ಮಾಡಿದರು. ಅವರು ಹೊಗೆಸೊಪ್ಪಿನ ವ್ಯಾಪಾರಿ, ಪಿರಿಯಾಪಟ್ಟಣದ ಹೊರಗೆ ಒಂದು ದೊಡ್ಡ ಎಲೆ ಶೆಡ್ಡು ಇಟ್ಟಿದ್ದಾರೆ. ಅಲ್ಲಿ ಮೂವತ್ತು ಹೆಂಗಸರು ಸೊಪ್ಪನ್ನು ಮರುವಿಂಗಡಣೆ ಮಾಡುತ್ತಾರೆ. ಇದ್ದ ಮೇಲ್ವಿಚಾರಕ ಬಿಟ್ಟುಹೋಗಿದ್ದ. ಹೆಂಗಸೇ ಆದರೂ ಪರವಾಗಿಲ್ಲ, ಸೊಪ್ಪು ಗೊತ್ತಿರಬೇಕು, ಗ್ರೇಡು ಹೇಳಿದರೆ ಹೇಳಿದ್ದೇ ಆಗಿರಬೇಕು ಎಂದರು. ತಿಂಗಳ ಸಂಬಳ, ಪಿ.ಎಫ್., ವರ್ಷವಿಡೀ ಕೆಲಸ. ಸೀಸನ್ ಮುಗಿದರೆ ಬೇರೆಯವರ ಶುಂಠಿ ಹೊಲದಲ್ಲಿ ಬಗ್ಗಿ ಬೆನ್ನು ಮುರಿದುಕೊಳ್ಳುವ ಪುಟ್ಟಮಲ್ಲಮ್ಮನಿಗೆ ಇದಕ್ಕಿಂತ ಒಳ್ಳೆಯದು ಈ ಜನ್ಮದಲ್ಲಿ ಬರುವುದಿಲ್ಲ ಎಂದು ನಾನು ಅಂದೇ ಸಂಜೆ ಸ್ಕೂಟರ್ ಹತ್ತಿದೆ.

"ನಂಗೆ ಇಂಗ್ಲೀಸ್ ಬರಕಿಲ್ಲ," ಎಂದಳು.

"ಮೂರು ಇಂಗ್ಲಿಷ್ ಪದ ಬೇಕಾಗಿರೋದು. ಮೂರೂ ನಿಮಗೆ ಗೊತ್ತು."

"ಬುಕ್ಕು ಬರೀಬೇಕಲ್ಲ."

"ಮಹಿಳಾ ಸಂಘದ ಬುಕ್ಕು ಬರೀತಿರೋರು ಯಾರು?"

"ಅದು ಬುಡಿ, ನಮ್ಮೋರ್ದು. ಮೂವತ್ತ್ ಎಂಗಸ್ರು ನನ್ ಮಾತ್ ಕೇಳಾರಾ ಮೇಡಂ? ನೀವೇ ಯೋಳಿ."

"ಈಗ ಇಡೀ ಸಾಲು ಅನುಮಾನ ಬಂದಾಗ ಯಾರ ಕಡೆ ನೋಡುತ್ತೆ?"

"ಅದು ಸುಮ್ನೆ ನೋಡ್ತಾರೆ."

ಸುಮ್ಮನೆ ನೋಡುತ್ತಾರಂತೆ! ಮಗಳು ಪೂಜಾ ಒಳಗಿನಿಂದ ಬಂದು ಕೈ ಮುಗಿದು, "ಮೇಡಂ, ಇವ್ಳು ಹಿಂಗೇ. ಮೊಬೈಲ್ ರಿಪೇರಿ ಅಂಗಡೀಲೂ ತನ್ ಮೊಬೈಲ್ ಏನಾಗದೆ ಅಂತ ನನ್ನೇ ಕೇಳಿ ಯೋಳ್ತಾಳೆ," ಎಂದಳು. ಪುಟ್ಟಮಲ್ಲಮ್ಮ ನಕ್ಕಳು. ನಾನು ನಗಲಿಲ್ಲ.

ಆಕೆಯನ್ನು ತರಬೇತಿಗೆ ಕರೆತಂದೆ. ನಮ್ಮ ತರಬೇತಿಯಲ್ಲಿ ಕನ್ನಡಿ ಪಾಠ ಎಂದು ಒಂದಿದೆ. ಒಬ್ಬೊಬ್ಬರ ಕೈಗೂ ಒಂದು ಕನ್ನಡಿ ಕೊಟ್ಟು, ಅದರಲ್ಲಿ ಮುಖ ನೋಡಿಕೊಂಡು 'ನನ್ನಿಂದ ಸಾಧ್ಯ' ಎಂದು ಐದು ಸಲ ಹೇಳಿಸಬೇಕು. ಎಲ್ಲೋ ತಣ್ಣನೆ ಕೋಣೆಯಲ್ಲಿ ಕೂತವರು ಬರೆದು ಕಳಿಸಿದ ಪಾಠ. ಪುಟ್ಟಮಲ್ಲಮ್ಮ ಕನ್ನಡಿ ತಿರುಗಿಸಿ ಮುರುಗಿಸಿ ನೋಡಿ, ಸೆರಗಿನಿಂದ ಒರೆಸಿ, "ಮೇಡಂ, ಇದ್ರಲ್ಲಿ ಗೆರೆ ಬಿದ್ದದೆ, ಅಂಗ್ಡಿಯೋರು ಮೋಸ ಮಾಡವ್ರೆ," ಎಂದು ವಾಪಸು ಕೊಟ್ಟಳು. ಗೆರೆ ಬಿದ್ದದ್ದು ನಿಜವೇ. ಆ ಕಣ್ಣು ಕೂದಲೆಳೆಯಷ್ಟು ದೋಷವನ್ನೂ ಬಿಡುತ್ತಿರಲಿಲ್ಲ. ತನ್ನ ಮುಖ ಮಾತ್ರ ಅದಕ್ಕೆ ಕಾಣಲಿಲ್ಲ.

ಡಿಸೆಂಬರಿನ ಒಂದು ಗುರುವಾರ ಶಿವಶಂಕರ್ ಅವರ ಶೆಡ್ಡಿಗೆ ಆಕೆಯನ್ನು ಕರೆದುಕೊಂಡು ಹೋದೆ. ಬರುವುದಿಲ್ಲ ಎಂದು ಹಟ ಹಿಡಿದವಳನ್ನು ಪೂಜಾ, ನಂಜಣ್ಣ, ಕೊನೆಗೆ ನೀಲಕಂಠಸ್ವಾಮಿ ಕೂಡ ಗದರಿ ಹೊರಡಿಸಿದ್ದರು. "ಓಗಿ ಬಾರವ್ವ, ನಿನ್ ಕೈ ನಂಗೊತ್ತಿಲ್ವಾ," ಎಂದಿದ್ದರಂತೆ ಮೇಸ್ತ್ರಿ. ಅವರಿಗೂ ಎಲ್ಲ ಗೊತ್ತಿತ್ತು ಎಂದಾಯಿತು.

ಶಿವಶಂಕರ್ ಮೇಜಿನ ಮೇಲೆ ನಲವತ್ತು ಎಲೆ ಹರಡಿದರು. "ಬೇರೆ ಮಾಡಿಯಮ್ಮ," ಎಂದರು.

ಒಂದೂವರೆ ನಿಮಿಷ. ಮೂರು ಗುಡ್ಡೆ ಆಯಿತು. ಶಿವಶಂಕರ್ ಒಂದೊಂದೇ ತಿರುಗಿಸಿ ನೋಡಿದರು. ತಲೆಯಾಡಿಸಿದರು. ಮೂರನೇ ಗುಡ್ಡೆಗೆ ಬಂದಾಗ ಆರು ಎಲೆಗಳನ್ನು ಪಕ್ಕಕ್ಕೆ ತೆಗೆದರು.

"ಈ ಆರು ಮೀಡಿಯಂ ಅಲ್ವೇನಮ್ಮ? ಲೋಗೆ ಹಾಕಿದ್ದೀರಲ್ಲ."

"ಇರಬೌದು ಸ್ವಾಮಿ."

"ಇರಬಹುದೋ, ಹೌದೋ?"

"ನೀವ್ ಯೋಳ್ದಂಗೆ."

"ನಾನು ಹೇಳೋದಾದ್ರೆ ನೀವ್ಯಾಕೆ? ಯಾಕೆ ಕೆಳಗೆ ಹಾಕಿದ್ರಿ, ಅದನ್ನ ಹೇಳಿ."

ಪುಟ್ಟಮಲ್ಲಮ್ಮ ನೆಲ ನೋಡುತ್ತ ಹೇಳಿದಳು. "ಅನುಮಾನ ಬಂತು ಸ್ವಾಮಿ. ಅನುಮಾನ ಬಂದ್ರೆ ಕೆಳಗಿನ್ ಗುಡ್ಡೇಗ್ ಹಾಕು ಅಂತ ನಮ್ಮತ್ತೆ ಯೋಳ್ಕೊಟ್ಟಿತ್ತು."

ಅತ್ತೆ ಎಂದರೆ ಸಣ್ಣತಾಯಮ್ಮ, ತೀರಿಕೊಂಡು ಒಂಬತ್ತು ವರ್ಷವಾಗಿದೆ. ಹದಿನೆಂಟಕ್ಕೆ ಮದುವೆಯಾಗಿ ಬಂದ ಸೊಸೆಯನ್ನು ಸಾಲಿನ ತುದಿಯಲ್ಲಿ ಕೂರಿಸಿ ಅವರು ಕಲಿಸಿದ ಮೊದಲ ಪಾಠ ಅದು. ಅದಕ್ಕೆ ಕಾರಣವೂ ಇತ್ತು. ಒಳ್ಳೆಯ ಸೊಪ್ಪಿನ ಮೂಟೆಯಲ್ಲಿ ಒಂದು ಕೆಟ್ಟ ಎಲೆ ಹರಾಜಿನವರ ಕೈಗೆ ಸಿಕ್ಕರೆ ಇಡೀ ಮೂಟೆಯ ಬೆಲೆಯೇ ಬಿದ್ದುಹೋಗುತ್ತದೆ, ಬೈಗುಳ ಸಾಲಿಗೆಲ್ಲ. ಕೆಟ್ಟದರಲ್ಲಿ ಒಂದು ಒಳ್ಳೆಯದು ಸೇರಿದರೆ ಯಾರೂ ಬೈಯುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ಎದ್ದು ಹೋಗಿ ಬೆಳಕಿಗೆ ಹಿಡಿದು ನೋಡೋಣವೆಂದರೆ ಸಾಲಿನಿಂದ ಏಳುವಂತಿಲ್ಲ. ಹೀಗಾಗಿ ಇಪ್ಪತ್ತೆಂಟು ವರ್ಷದಿಂದ ಅನುಮಾನವೆಲ್ಲ ಕೆಳಗಿನ ಗುಡ್ಡೆಗೆ ಹೋಗುತ್ತಿತ್ತು.

"ಹೊರಗೆ ಕೂತಿರಿ," ಎಂದರು ಶಿವಶಂಕರ್.

ಹೊರಗೆ ಹೊಂಗೆ ಮರದ ಕೆಳಗೆ ನಾನು ಬಾಯಿಗೆ ಬಂದಂತೆ ಬೈದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. "ನಿಮ್ಮಂಥವರಿಗೆ ಯಾರು ಎಷ್ಟು ಮಾಡಿದರೂ ದಂಡ. ನಿಮ್ಮ ಮಗಳಿಗೂ ಇದನ್ನೇ ಕಲಿಸಿ. ನಿಮ್ಮನ್ನು ಕೆಳಗೆ ತಳ್ಳಲಿಕ್ಕೆ ಊರವರು ಬೇಕಾಗಿಲ್ಲ, ನೀವೇ ಸಾಕು." ಶೆಡ್ಡಿನ ನಾಲ್ಕು ಹೆಂಗಸರು ಕೆಲಸ ನಿಲ್ಲಿಸಿ ಕಿಟಕಿಯಲ್ಲಿ ನೋಡುತ್ತಿದ್ದರು. ಪುಟ್ಟಮಲ್ಲಮ್ಮ ಮರದ ಬೇರಿನ ಮೇಲೆ ಕೂತು ಸೆರಗಿನ ತುದಿಯನ್ನು ಸುತ್ತುತ್ತಿದ್ದಳು. ಒಂದು ಮಾತೂ ಎದುರಾಡಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಒಂದು ಸಲ ಕೈಮುಗಿದು ಕೇಳಿಬಿಡೋಣ ಎಂದು ನಾನೊಬ್ಬಳೇ ಒಳಗೆ ಹೋದೆ. "ಸಾರ್, ಆಕೆಗೆ ಧೈರ್ಯ ಸ್ವಲ್ಪ ಕಡಿಮೆ, ಕೆಲಸ ಮಾತ್ರ..." ಎಂದು ಶುರು ಮಾಡಿದೆ.

"ಮೇಡಂ, ಕೆಲಸ ನಾನೇ ನೋಡಿದೆನಲ್ಲ," ಎಂದರು ಶಿವಶಂಕರ್. "ನಿಜ ಹೇಳಬೇಕಂದ್ರೆ ನಾನು ಪರೀಕ್ಷೆನೇ ಇಡ್ತಿರಲಿಲ್ಲ. ಆಯಮ್ಮನ ಹೆಸರು ನಾನು ರೈತರ ಬಾಯಲ್ಲಿ ಕೇಳಿದ್ದೆ. ಸೋಮವಾರದಿಂದ ಬನ್ನಿ ಅನ್ನೋಣ ಅಂತಿದ್ದೆ. ಆಮೇಲೆ ನಿಮ್ಮ ಕಾಗದ ಬಂತು. ಅದಕ್ಕೇ ಅನುಮಾನ ಆಯ್ತು."

ಡ್ರಾಯರಿನಿಂದ ಒಂದು ಫಾರಂ ತೆಗೆದು ಮೇಜಿನ ಮೇಲೆ ಇಟ್ಟರು. ನಮ್ಮ ಸಂಸ್ಥೆಯದು, ನನ್ನ ಅಕ್ಷರ, ನನ್ನ ಸಹಿ. ಅಭ್ಯರ್ಥಿ ಯಾವ ಹುದ್ದೆಗೆ ತಕ್ಕವರು ಎಂಬಲ್ಲಿ ಎರಡು ಚೌಕ ಇದ್ದವು. 'ಮೇಲ್ವಿಚಾರಕಿ' ಎಂಬ ಚೌಕ ಖಾಲಿ. ಅದರ ಕೆಳಗಿನ 'ಸಹಾಯಕಿ' ಎಂಬಲ್ಲಿ ಅಚ್ಚುಕಟ್ಟಾಗಿ ಒಂದು ಗುರುತು.

ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಆ ಗುರುತು ಹಾಕಿದ ಹೊತ್ತು ನನಗೆ ಚೆನ್ನಾಗಿ ನೆನಪಿದೆ. ಅದರ ಹಿಂದಿನ ವರ್ಷ ಅಂತರಸಂತೆ ಕಡೆಯ ಕಾಡಂಚಿನ ಬುಡಕಟ್ಟು ಹಾಡಿಯ ಶೋಭಾ ಎಂಬ ಹುಡುಗಿಯನ್ನು ಒಂದು ಖಾಸಗಿ ನರ್ಸರಿಗೆ ಮೇಲ್ವಿಚಾರಕಿ ಎಂದು ಧೈರ್ಯವಾಗಿ ಬರೆದು ಕಳಿಸಿದ್ದೆ. ಗಿಡದ ಕೆಲಸ ಆಕೆಗೆ ನೀರು ಕುಡಿದಷ್ಟು ಸುಲಭ. ಆದರೆ ಹಾಡಿಯವಳ ಮಾತು ನಾವು ಕೇಳಬೇಕೇ ಎಂದು ಅಲ್ಲಿನವರು ಹನ್ನೊಂದೇ ದಿನಕ್ಕೆ ಆಕೆಯನ್ನು ಕಳಿಸಿಬಿಟ್ಟರು. ನಮ್ಮ ಆಫೀಸಿನಲ್ಲಿ ಅದನ್ನು 'ಅಭ್ಯರ್ಥಿಯ ವೈಫಲ್ಯ' ಎಂದು ಬರೆದುಕೊಂಡು, ಮುಂದೆ ಯೋಚಿಸಿ ಶಿಫಾರಸು ಮಾಡಿ ಎಂದು ನನಗೆ ಹೇಳಿದರು. ಅದು ಶೋಭಾಳ ವೈಫಲ್ಯ ಅಲ್ಲ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಪುಟ್ಟಮಲ್ಲಮ್ಮನ ಫಾರಂ ತುಂಬುವಾಗ ಪೆನ್ನು ಮೇಲಿನ ಚೌಕದ ಹತ್ತಿರ ಸ್ವಲ್ಪ ಹೊತ್ತು ನಿಂತಿತು. ಈಕೆ ಅಲ್ಲಿ ಹೋಗಿ ತಲೆ ತಗ್ಗಿಸಿದರೆ? ಕೆಳಗೆ ಹಾಕಿದರೆ ನನ್ನನ್ನು ಯಾರೂ ಕೇಳುವುದಿಲ್ಲ. ಕೆಳಗೆ ಹಾಕಿದೆ.

ಫಾರಂ ಹಿಡಿದುಕೊಂಡು ಹೊರಗೆ ಬಂದೆ. ಅದನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಆಕೆಯನ್ನು ಸ್ಕೂಟರಿನಲ್ಲಿ ಮನೆಗೆ ಬಿಟ್ಟುಬರಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಅಷ್ಟು ಬೈದ ಮೇಲೆ ಅದು ಮಾತ್ರ ನನ್ನ ಕೈಲಾಗಲಿಲ್ಲ. ಪುಟ್ಟಮಲ್ಲಮ್ಮನ ಪಕ್ಕ ಕೂತು ಕಾಗದ ತೋರಿಸಿದೆ, ಆದದ್ದನ್ನೆಲ್ಲ ಹೇಳಿದೆ.

ಆಕೆ ಎರಡು ಚೌಕವನ್ನೂ ಬೆರಳಿಟ್ಟು ಓದಿದಳು. ಆಕೆಯ ಮುಖದಲ್ಲಿ ಸಿಟ್ಟನ್ನು ನಾನು ಕಂಡದ್ದು ಅದೇ ಮೊದಲು.

"ನನ್ ನಾನು ಕೆಳಕ್ ಆಕ್ಕಂಡ್ರೆ ಅದು ನಂದು, ಓಗ್ಲಿ. ನೀವ್ಯಾಕ್ ಆಕಿದ್ರಿ ಮೇಡಂ? ನಮ್ ಮನೇಗ್ ಐದ್ ಸಲ ಬಂದ್ರಲ್ಲ ನೀವು. ನನ್ ಮಗ್ಳು ಮುಂದೆ ಎಲ್ಲ ದೊಡ್ಡದಾಗಿ ಮಾತಾಡುದ್ರಲ್ಲ."

ಆಕೆ ಕಾಗದವನ್ನು ನನ್ನ ಮಡಿಲಿಗೆ ಹಾಕಿದಳು.

"ಸಾಲ್ನಾಗೆ ಕುಂತೋಳ್ಗೆ ಏಳಕ್ಕಾಗಕಿಲ್ಲ, ಅದ್ಕೆ ಅಂಗ್ ಮಾಡ್ತೀನಿ. ನೀವು ಸ್ಕೂಟ್ರಲ್ಲಿ ನಾಕ್ ತಾಲೂಕು ತಿರುಗೋರು. ನಿಮ್ಗೇನಾಗಿತ್ತು?"

ಇಷ್ಟು ಹೇಳಿ ಎದ್ದವಳು ಬಸ್ ಸ್ಟಾಪಿನ ಕಡೆ ಹೋಗುತ್ತಾಳೆ ಎಂದುಕೊಂಡೆ. ಸೀದಾ ಶೆಡ್ಡಿನೊಳಗೆ ನಡೆದಳು. ನಾನು ಹಿಂದೆ ಓಡಿದೆ. ಶಿವಶಂಕರ್ ಅವರ ಮೇಜಿನ ಮೇಲೆ ಆ ಆರು ಎಲೆಗಳು ಇನ್ನೂ ಹಾಗೇ ಇದ್ದವು. ಕೇಳದೆ ಅವನ್ನು ಎತ್ತಿಕೊಂಡು ಬಾಗಿಲಿನ ಬೆಳಕಿಗೆ ಹೋದಳು. ಒಂದೊಂದನ್ನೇ ಎತ್ತಿ ಹಿಡಿದು ನೋಡಿದಳು. ನಿಧಾನವಾಗಿ ನೋಡಿದಳು. ವಾಪಸು ಬಂದು ನಾಲ್ಕನ್ನು ಮೇಜಿಗೆ ಹಾಕಿ, "ಮೀಡಿಯಂ," ಎಂದಳು. ದನಿ ಶೆಡ್ಡಿಗೆಲ್ಲ ಕೇಳಿಸುವಷ್ಟು ಜೋರಾಗಿತ್ತು. ಉಳಿದ ಎರಡನ್ನು ಬೇರೆ ಇಟ್ಟಳು. "ಇವೆಲ್ಡು ಲೋನೇ."

"ಆರೂ ಮೀಡಿಯಮ್ಮೇ ಕಣಮ್ಮ," ಎಂದರು ಶಿವಶಂಕರ್.

"ಅಲ್ಲ ಸ್ವಾಮಿ."

"ಮೂವತ್ತು ವರ್ಷದಿಂದ ಸೊಪ್ಪು ನೋಡ್ತಿದ್ದೀನಿ ನಾನು."

"ಇಲ್ಲಿ ಮೇಜಿನ್ ತಾವ ಕಾಣಕಿಲ್ಲ. ಬಾಗ್ಲಿಗ್ ಬನ್ನಿ. ನಡು ನರದ ಬುಡ ನೋಡಿ."

ಅವರು ಎದ್ದು ಬಾಗಿಲಿಗೆ ಹೋದರು. ಕನ್ನಡಕ ಹಾಕಿಕೊಂಡರು. ಎರಡೂ ಎಲೆಗಳ ನಡು ನರದ ಬುಡದಲ್ಲಿ, ಇದೆಯೋ ಇಲ್ಲವೋ ಎಂಬಷ್ಟು, ಹಸಿರು ಉಳಿದಿತ್ತು. ಅವರು ಎರಡನ್ನೂ ಇನ್ನೊಮ್ಮೆ ತಿರುಗಿಸಿ ನೋಡಿದರು. ಆಮೇಲೆ ಎಲೆ ಕೆಳಗಿಟ್ಟು, "ಸೋಮವಾರ ಎಂಟು ಗಂಟೆಗೆ ಬಂದ್ಬಿಡಿ," ಎಂದರು.

"ಗ್ರೇಡಿನ್ ಎಸ್ರು ನಾನೇ ಕೂಗ್ಬೇಕಾ?"

"ಇನ್ಯಾರು ಕೂಗ್ತಾರಮ್ಮ?"

ಪುಟ್ಟಮಲ್ಲಮ್ಮ ಯೋಚಿಸಿದಳು. "ಆಯ್ತು," ಎಂದಳು.

ಹೊರಗೆ ಬಂದು ನಾನು ಸ್ಕೂಟರ್ ತೆಗೆದೆ. ಆಕೆ ಹತ್ತಲಿಲ್ಲ. "ಬಸ್ಸಿಗ್ ಓಯ್ತೀನಿ, ಚಿಲ್ರೆ ಅದೆ," ಎಂದು ರಸ್ತೆಯ ಆ ಬದಿಗೆ ಹೋಗಿ ನಿಂತಳು. ನಾನು ಕರೆದೆ. ಕೇಳಿಸದವಳಂತೆ ರಾವಂದೂರಿನ ಬಸ್ಸು ಬರುವ ದಿಕ್ಕಿಗೇ ನೋಡುತ್ತಿದ್ದಳು. ಎಂಟು ವರ್ಷದ ನನ್ನ ಕೆಲಸದಲ್ಲಿ ಇಷ್ಟು ಚೆನ್ನಾಗಿ ಫಲ ಕೊಟ್ಟದ್ದು ಇನ್ನೊಂದಿಲ್ಲ, ಮತ್ತು ಅದು ಆದದ್ದು ನನ್ನ ಮೇಲಿನ ಕೋಪಕ್ಕೆ. ಇದನ್ನು ವರದಿಯಲ್ಲಿ ಯಾವ ಕಾಲಮ್ಮಿಗೆ ಬರೆಯಲಿ? 'ತರಬೇತಿಯ ನಂತರ ಆತ್ಮವಿಶ್ವಾಸ ವೃದ್ಧಿ' ಎಂದು ಆಫೀಸಿನವರೇ ಬರೆದುಕೊಂಡರು, ನನಗೊಂದು ಪ್ರಶಂಸಾ ಪತ್ರವನ್ನೂ ಕೊಟ್ಟರು. ಅದನ್ನು ಎಲ್ಲಿಟ್ಟೆನೋ ನೆನಪಿಲ್ಲ.

ಶೆಡ್ಡಿನಲ್ಲಿ ಎಲ್ಲ ಸಲೀಸಾಗಿ ನಡೆಯಿತು ಎಂದೇನಿಲ್ಲ. ಮೊದಲ ವಾರ ಆಕೆ ಗ್ರೇಡು ಕೂಗುವ ಮೊದಲು ಪಕ್ಕಕ್ಕೆ ತಿರುಗಿ ಯಾರನ್ನೋ ಹುಡುಕುತ್ತಿದ್ದಳಂತೆ. ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ, ತಾನೇ ಕೂಗುತ್ತಿದ್ದಳು. ನೀಲಕಂಠಸ್ವಾಮಿಗೆ ಬಲಗೈ ಎಡಗೈ ತೋರಿಸುವವರು ಯಾರೂ ಸಿಗದೆ, ಅವರು ಕೊನೆಗೂ ಮೈಸೂರಿಗೆ ಹೋಗಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡರು.

ಮೊನ್ನೆ ಅಲ್ಲಿಗೆ ಹೋಗಿದ್ದೆ. ಪುಟ್ಟಮಲ್ಲಮ್ಮನ ಜೊತೆಗೆ ಇನ್ನೊಬ್ಬ ಮೇಲ್ವಿಚಾರಕಿ ಬೇಕಾಗಿದ್ದಾಳೆ. ನನ್ನ ಮನಸ್ಸಿನಲ್ಲಿ ಪ್ರೇಮಮ್ಮ ಎಂಬವಳಿದ್ದಳು. ಕೆಲಸ ಚೊಕ್ಕ, ಆದರೆ ನಾಲ್ಕು ಜನರ ಮುಂದೆ ಮಾತು ತಡವರಿಸುತ್ತದೆ. ಫಾರಂ ತುಂಬಿಕೊಂಡು ಹೋಗಿದ್ದೆ. ಪುಟ್ಟಮಲ್ಲಮ್ಮ ಈಗ ನನ್ನ ಜೊತೆ ಮಾತಾಡುತ್ತಾಳೆ, ಟೀ ತರಿಸುತ್ತಾಳೆ. ಫಾರಂ ಕೈಗೆ ತೆಗೆದುಕೊಂಡವಳು ಹೆಸರು ಓದಲಿಲ್ಲ, ಊರು ಓದಲಿಲ್ಲ, ನೇರ ಆ ಎರಡು ಚೌಕಗಳನ್ನು ನೋಡಿದಳು.

"ಎಲ್ಲೂ ಗುರ್ತೇ ಆಕಿಲ್ವಲ್ಲ ಮೇಡಂ."

"ಸ್ವಲ್ಪ ಅನುಮಾನ ಇತ್ತು..." ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. ನನಗೆ ತಲೆ ಎತ್ತಲಾಗಲಿಲ್ಲ.

"ಅನುಮಾನ ಇದ್ರೆ ಬಾಗ್ಲಿಗ್ ಕರ್ಕಂಡ್ ಬರ್ಬೇಕು," ಎಂದು ಫಾರಮನ್ನು ನನ್ನ ಕೈಗೆ ವಾಪಸು ಕೊಟ್ಟಳು. "ಬುದ್ವಾರ ಕರ್ಕಂಡ್ ಬನ್ನಿ. ನೀವು ಆಚೆ ಮರದ ತಾವ ಕುಂತಿರಿ. ನಾನ್ ನೋಡ್ತೀನಿ."

ನಾಳೆ ಬುಧವಾರ. ಪ್ರೇಮಮ್ಮನಿಗೆ ಹೇಳಿದ್ದೇನೆ, ಬರುತ್ತಾಳೆ. ಫಾರಂ ನನ್ನ ಬ್ಯಾಗಿನಲ್ಲೇ ಇದೆ. ಎರಡು ಸಲ ಪೆನ್ನು ತೆಗೆದೆ. ಚೌಕಗಳು ಇನ್ನೂ ಖಾಲಿ ಇವೆ.